ಕೊನೆಯ ಎರಡು ಹಾಳೆಗಳಿಲ್ಲದ ‘ರೋಜರ್ ಆಕ್ರಾಯ್ಡ್’

ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಕಾದಂಬರಿಯನ್ನು ನಾನು ಎಂಟು ವರ್ಷಗಳ ಕಾಲ ಅದು ಇಲ್ಲದ ರೀತಿಯಲ್ಲಿ ಮೆಚ್ಚಿಕೊಂಡಿದ್ದೆ. ತಪ್ಪು ಪೂರ್ತಿ ನನ್ನದಲ್ಲ. ಪಿಯುಸಿ ಮುಗಿದ ಬೇಸಿಗೆಯಲ್ಲಿ ಮೈಸೂರಿನ ಒಂದು ಬಾಡಿಗೆ ಲೈಬ್ರರಿಯಿಂದ ತಂದ ಪ್ರತಿ ಅದು. ಬೆನ್ನಿಗೆ ಕಂದು ಬಣ್ಣದ ಟೇಪು ಅಂಟಿಸಿದ್ದರು, ಒಳಗೆ ಯಾರೋ ಕಾಫಿ ಲೋಟ ಇಟ್ಟ ಗುರುತಿತ್ತು, ಮತ್ತು ಕೊನೆಯ ಎರಡು ಹಾಳೆಗಳು ಇರಲಿಲ್ಲ. ಇರಲಿಲ್ಲವೆಂಬುದು ನನಗೆ ತಿಳಿಯಲೇ ಇಲ್ಲ. ಮೊದಲ ಪುಟದ ಅಧ್ಯಾಯಗಳ ಪಟ್ಟಿಯನ್ನು ನೋಡಿದ್ದರೆ ಇಪ್ಪತ್ತೇಳನೆಯ ಅಧ್ಯಾಯವೊಂದು ಉಂಟೆಂದು ಗೊತ್ತಾಗುತ್ತಿತ್ತು, ಆದರೆ ಪತ್ತೇದಾರಿ ಕಾದಂಬರಿಯಲ್ಲಿ ಅಧ್ಯಾಯಗಳ ಪಟ್ಟಿಯನ್ನು ಯಾರು ನೋಡುತ್ತಾರೆ?

ಈ ಕಾದಂಬರಿಯ ಕುರಿತು ಕೊಲೆಗಾರನ ಹೆಸರು ಹೇಳದೆ ಬರೆಯುವುದು ಸಾಧ್ಯವಿಲ್ಲ. ಇದು 1926ರ ಪುಸ್ತಕ, ಗುಟ್ಟು ಹೊರಬಿದ್ದು ಬಹಳ ಕಾಲವಾಯಿತು; ಆದರೂ ಇನ್ನೂ ಓದದೆ ಇರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಓದಿ ಬನ್ನಿ. ನನ್ನ ತಕರಾರುಗಳೆಲ್ಲ ಆ ಮೇಲಿನವು.

ನನ್ನ ಪ್ರತಿ ಮುಗಿಯುತ್ತಿದ್ದುದು ಇಪ್ಪತ್ತಾರನೆಯ ಅಧ್ಯಾಯಕ್ಕೆ. ಕತೆ ಹೇಳುತ್ತ ಬಂದ ಡಾಕ್ಟರ್ ಶೆಪರ್ಡ್ ಮತ್ತು ಪತ್ತೇದಾರ ಹರ್ಕ್ಯೂಲ್ ಪೊಯ್ರೊ ಇಬ್ಬರೇ ಒಂದು ಕೋಣೆಯಲ್ಲಿ ಕುಳಿತಿದ್ದಾರೆ. ಕೊಂದವನು ನೀನೇ ಎಂದು ಪೊಯ್ರೊ ಒಂದೊಂದೇ ಎಳೆ ಬಿಡಿಸಿ ಹೇಳುತ್ತಾನೆ. ನಿನ್ನ ಅಕ್ಕನ ಮುಖ ನೋಡಿ ಇನ್ನೊಂದು ದಾರಿಯನ್ನು ಬಿಟ್ಟುಕೊಡುತ್ತಿದ್ದೇನೆ, ನಿದ್ರೆಯ ಔಷಧ ಒಂದಿಷ್ಟು ಹೆಚ್ಚಾಗಬಹುದಲ್ಲವೇ ಎಂಬ ಸೂಚನೆಯನ್ನೂ ಕೊಡುತ್ತಾನೆ. ಡಾಕ್ಟರು ನಗುತ್ತಾನೆ, ನಿಮಗೆ ಹುಚ್ಚು ಎನ್ನುತ್ತಾನೆ, ಕೊನೆಗೆ ಬಹಳ ಬೋಧಪ್ರದವಾದ ಸಂಜೆಯಿದು ಎಂಬರ್ಥದ ಒಂದು ಕೃತಜ್ಞತೆಯನ್ನೂ ಸಲ್ಲಿಸುತ್ತಾನೆ. ಅಲ್ಲಿಗೆ ಹಾಳೆ ಮುಗಿದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಪುಸ್ತಕ ಮುಚ್ಚಿ ಸುಮ್ಮನೆ ಕುಳಿತದ್ದು ನೆನಪಿದೆ. ಎಂಥ ಕೊನೆ ಎನ್ನಿಸಿತು: ಆಪಾದನೆ ಇದೆ, ಒಪ್ಪಿಗೆ ಇಲ್ಲ, ಪತ್ತೇದಾರ ತನ್ನ ಮಾತು ಮುಗಿಸಿದ್ದಾನೆ, ಆರೋಪಿ ಬಾಗಿಲ ಕಡೆ ನಡೆದಿದ್ದಾನೆ, ಇಬ್ಬರಲ್ಲಿ ಯಾರನ್ನು ನಂಬಬೇಕೆಂಬುದನ್ನು ಲೇಖಕಿ ನನ್ನ ಪಾಲಿಗೆ ಬಿಟ್ಟುಹೋಗಿದ್ದಾಳೆ. ಎಂಟು ವರ್ಷ ನಾನು ಎದುರು ಸಿಕ್ಕವರಿಗೆಲ್ಲ ಇದನ್ನು ಹೊಗಳಿದೆ. ಅಷ್ಟರಲ್ಲಿ ಬೆಂಗಳೂರಿಗೆ ಬಂದಿದ್ದೆ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕಗಳ ರಾಶಿಯ ನಡುವೆ ಇನ್ನೊಂದು ಪ್ರತಿ ಕಂಡಾಗ, ಆ ಕೊನೆಯ ಸಾಲನ್ನು ಮತ್ತೆ ಸವಿಯೋಣವೆಂದು ಹಿಂದಿನಿಂದ ತೆರೆದೆ. ಅಲ್ಲಿ ಡಾಕ್ಟರ್ ಶೆಪರ್ಡ್ ಬೆಳಗಿನ ಐದು ಗಂಟೆಗೆ, ದಣಿದು, ತನ್ನ ತಪ್ಪೊಪ್ಪಿಗೆ ಬರೆಯುತ್ತ ಕುಳಿತಿದ್ದ.

ಅಂದಿನಿಂದ ಈ ಕಾದಂಬರಿಯ ವಿಷಯದಲ್ಲಿ ನನ್ನ ಮನಸ್ಸು ಒಂದು ಕಡೆ ನಿಂತಿಲ್ಲ. ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘದ ಸದಸ್ಯರು 2013ರಲ್ಲಿ ಮತ ಹಾಕಿ ಇದನ್ನೇ ಸಾರ್ವಕಾಲಿಕ ಶ್ರೇಷ್ಠ ಅಪರಾಧ ಕಾದಂಬರಿಯೆಂದು ಆರಿಸಿದರು. ಆ ತೀರ್ಪಿನ ಎದುರು ವಾದ ಹೂಡುವ ಆಸೆ ನನಗಿಲ್ಲ. ಆದರೆ ಶ್ರೇಷ್ಠವೆಂದು ಒಪ್ಪಿಕೊಂಡ ಮೇಲೂ ಒಂದು ಪುಸ್ತಕ ಹೀಗೆ ಕಚ್ಚುತ್ತಲೇ ಇರುವುದೇಕೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕೆನ್ನಿಸುತ್ತದೆ.

ಪೂರ್ಣವಿರಾಮದಲ್ಲಿ ನಡೆದ ಕೊಲೆ

ಮೊದಲು ಮೆಚ್ಚುಗೆ, ಏಕೆಂದರೆ ಅದು ಸುಳ್ಳಲ್ಲ. ಆಕ್ರಾಯ್ಡ್ ತನ್ನ ಓದುವ ಕೋಣೆಯಲ್ಲಿ ಡಾಕ್ಟರನ ಜೊತೆ ಕುಳಿತಿರುವಾಗ, ಹಿಂದಿನ ರಾತ್ರಿ ಸತ್ತ ಮಿಸೆಸ್ ಫೆರಾರ್ಸ್ ಬರೆದಿಟ್ಟ ಪತ್ರ ಟಪಾಲಿನಲ್ಲಿ ಬರುತ್ತದೆ. ಗಂಡನಿಗೆ ವಿಷ ಹಾಕಿದ ಆಕೆಯನ್ನು ಅದೇ ಗುಟ್ಟು ಹಿಡಿದು ಹಣಕ್ಕಾಗಿ ಹಿಂಡುತ್ತಿದ್ದವನ ಹೆಸರು ಅದರಲ್ಲಿದೆ. ಆ ಮೇಲೆ ಶೆಪರ್ಡ್ ಬರೆಯುವುದಿಷ್ಟು: ಪತ್ರ ಬಂದಾಗ ಎಂಟು ಗಂಟೆ ನಲವತ್ತು ನಿಮಿಷವಾಗಿತ್ತು. ನಾನು ಹೊರಟಾಗ ಸರಿಯಾಗಿ ಎಂಟು ಐವತ್ತು, ಪತ್ರವನ್ನು ಅವನಿನ್ನೂ ಓದಿರಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಏನಾದರೂ ಮಾಡದೆ ಬಿಟ್ಟೆನೇ ಎಂದು ಒಮ್ಮೆ ಹಿಂದಿರುಗಿ ನೋಡಿದೆ. ಈ ಸಾಲುಗಳಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೊಲೆ ನಡೆದದ್ದು ಮೊದಲ ವಾಕ್ಯಕ್ಕೂ ಎರಡನೆಯ ವಾಕ್ಯಕ್ಕೂ ನಡುವಿನ ಪೂರ್ಣವಿರಾಮದಲ್ಲಿ.

ಇದನ್ನು ಕನ್ನಡಕ್ಕೆ ತರುವ ಕೈಗೆ ಎಷ್ಟು ಎಚ್ಚರ ಬೇಕೆಂದು ನಾನು ಆಗಾಗ ಯೋಚಿಸುತ್ತೇನೆ. ನಮ್ಮ ಮಾತಿನ ಸಹಜ ಜಾಡು ಕ್ರಿಯೆಗಳನ್ನು ಹೂವಿನಂತೆ ಪೋಣಿಸಿಕೊಂಡು ಹೋಗುವುದು: ಕೂತು, ಮಾತಾಡಿ, ಪತ್ರ ಓದೆಂದು ಹೇಳಿ, ಎದ್ದು ಬಂದೆ. ಹೀಗೆ ಪೋಣಿಸಿದ ಕೂಡಲೇ, ಒಂದಾದ ಮೇಲೊಂದು ನಡೆದವು, ನಡುವೆ ಬೇರೇನೂ ಇಲ್ಲ ಎಂದು ಮಾತು ಕೊಟ್ಟ ಹಾಗಾಗುತ್ತದೆ. ಶೆಪರ್ಡ್ ಅಂಥ ಮಾತನ್ನು ಎಲ್ಲಿಯೂ ಕೊಡುವುದಿಲ್ಲ. ಅವನು ಎರಡು ಗೂಟ ನೆಟ್ಟು, ಎರಡಕ್ಕೂ ಗಡಿಯಾರ ಕಟ್ಟಿ, ನಡುವಿನ ಜಾಗವನ್ನು ಖಾಲಿ ಬಿಡುತ್ತಾನೆ. ಅನುವಾದಿಸುವವರು ಓದಿನ ಓಟಕ್ಕೆಂದು ಆ ವಾಕ್ಯಗಳನ್ನು ಒಂದು ‘ಹೇಳಿ’ಯಿಂದ ಜೋಡಿಸಿಬಿಟ್ಟರೆ, ಎಚ್ಚರದ ಮನುಷ್ಯನೊಬ್ಬ ಬರಿಯ ಸುಳ್ಳುಗಾರನಾಗಿಬಿಡುತ್ತಾನೆ. ಇನ್ನೊಂದು ಸೂಕ್ಷ್ಮವೂ ಇದೆ. ಶೆಪರ್ಡ್ ಬರೆದಿಟ್ಟ ಅಧ್ಯಾಯಗಳನ್ನು ಓದಿದ ಪೊಯ್ರೊ, ಹಿಂದೆ ತನ್ನ ಕತೆಗಳನ್ನು ಬರೆಯುತ್ತಿದ್ದ ಹೇಸ್ಟಿಂಗ್ಸ್ ಪುಟಪುಟಕ್ಕೂ ‘ನಾನು’ ‘ನಾನು’ ಎನ್ನುತ್ತಿದ್ದ, ನೀವು ಮಾತ್ರ ನಿಮ್ಮನ್ನು ಹಿಂದೆ ಇಟ್ಟುಕೊಂಡಿದ್ದೀರಿ ಎಂದು ಹೊಗಳುತ್ತಾನೆ. ಹೊಗಳಿಕೆಯೆಂದು ನಾವು ದಾಟಿಹೋಗುತ್ತೇವೆ. ಅದು ಪತ್ತೆಗೆ ಸಿಕ್ಕ ಸುಳಿವು. ಕನ್ನಡದಲ್ಲಾದರೆ ‘ನಾನು’ ಎಂಬ ಪದವನ್ನು ಎಷ್ಟು ಬೇಕಾದರೂ ಬಿಡಬಹುದು, ಆದರೆ ‘ನೋಡಿದೆ’, ‘ಹೊರಟೆ’, ‘ಮಾಡಿದೆ’ ಎಂಬ ಕ್ರಿಯಾಪದದ ಕೊನೆಯ ಎಕಾರ ಆಸಾಮಿಯನ್ನು ಹಿಡಿದುಕೊಟ್ಟೇ ಕೊಡುತ್ತದೆ. ನಮ್ಮ ಭಾಷೆಯಲ್ಲಿ ಶೆಪರ್ಡನಿಗೆ ಅಡಗಲು ಜಾಗ ಇನ್ನಷ್ಟು ಕಿರಿದು.

ಇದು ಮೋಸ ಎಂದವರು ಆಗಲೂ ಇದ್ದರು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆಗಳನ್ನು ಬರೆದಾಗ, ಓದುಗ ಯಾರ ಮನಸ್ಸಿನ ಒಳಗೆ ಓಡಾಡಿದ್ದಾನೋ ಅಂಥವನು ಅಪರಾಧಿಯಾಗಿರಬಾರದು ಎಂಬುದನ್ನು ಮೊದಲ ಕಟ್ಟಳೆಯಲ್ಲಿಯೇ ಸೇರಿಸಿದ. ಪತ್ತೇದಾರನ ಗೆಳೆಯ ತನಗೆ ಹೊಳೆದದ್ದನ್ನು ಮುಚ್ಚಿಡಬಾರದೆಂಬುದು ಒಂಬತ್ತನೆಯದು. ಶೆಪರ್ಡ್ ಎರಡನ್ನೂ ಮುರಿದಿದ್ದಾನೆ. ಆದರೆ ಮುಚ್ಚಿಟ್ಟದ್ದಕ್ಕೂ ಲೆಕ್ಕ ಕೊಟ್ಟಿದ್ದಾನಲ್ಲ! ಆಕ್ರಾಯ್ಡನ ಮನೆಯಿಂದ ಗೇಟಿಗೆ ಐದು ನಿಮಿಷದ ನಡಿಗೆ, ಅವನು ಗೇಟು ದಾಟುವಾಗ ಇಗರ್ಜಿಯ ಗಂಟೆ ಒಂಬತ್ತು ಹೊಡೆಯಿತೆಂದು ಅವನೇ ಬರೆದಿದ್ದಾನೆ. ಐದು ನಿಮಿಷ ಹೆಚ್ಚಾಗಿದೆ. ಕೂಡಿ ಕಳೆಯುವುದು ಬರುತ್ತಿದ್ದರೆ ಸಾಕಿತ್ತು. ನಾನು ಕೂಡಲೂ ಇಲ್ಲ, ಕಳೆಯಲೂ ಇಲ್ಲ. ಆದ್ದರಿಂದ ಮೋಸವೆಂಬ ದೂರು ನನ್ನದಲ್ಲ.

ಅತ್ತೆ ಕೇಳಿದ ಪ್ರಶ್ನೆ

ಆ ಬೇಸಿಗೆಯ ನಂತರದ ಸಂಕ್ರಾಂತಿಗೆ ಸೋದರತ್ತೆಯ ಮನೆಗೆ ಹೋಗಿದ್ದೆ. ಎರಡು ಕೆಜಿ ಅವರೆಕಾಯಿ ತಂದು ಹಿತ್ತಲ ಕಟ್ಟೆಯ ಮೇಲೆ ಸುರಿದಿದ್ದರು, ಸೊಗಡು ಬೀದಿಯವರೆಗೂ ಹೋಗುವಂತಿತ್ತು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಎನ್. ನರಸಿಂಹಯ್ಯನವರು ಬರೆದ ಐನೂರಕ್ಕೂ ಮೀರಿದ ಪತ್ತೇದಾರಿ ಕಾದಂಬರಿಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದವರು. ಪತ್ತೇದಾರ ಪುರುಷೋತ್ತಮನನ್ನು ನೆಂಟರ ಹುಡುಗನ ಹಾಗೆ ಮಾತಾಡಿಸುತ್ತಿದ್ದರು. ಕಾಯಿ ಸುಲಿಯುತ್ತ ನಾನು ಅವರಿಗೆ ಆಕ್ರಾಯ್ಡನ ಕತೆ ಹೇಳತೊಡಗಿದೆ. ಊರು, ವಿಧವೆ, ಪತ್ರ, ಡಾಕ್ಟರು. ಪತ್ರ ಬಂದ ಜಾಗಕ್ಕೆ ಬರುವಷ್ಟರಲ್ಲಿ ಅತ್ತೆ ಹುಳುಕು ಕಾಳೊಂದನ್ನು ಆಚೆಗೆ ಎಸೆದು, ತಲೆ ಎತ್ತದೆಯೇ ಹೇಳಿದರು: “ಡಾಕ್ಟರೇ ಇರಬೇಕು ಕಣೇ. ಕೊನೇಲಿ ಕೋಣೆಯಿಂದ ಆಚೆ ಬಂದೋನು ಅವನೇ ತಾನೆ?”

ನನಗೆ ಅವಮಾನವಾಯಿತು. ನಾನು ಸೋಲಲು ಇನ್ನೂರು ಮುನ್ನೂರು ಪುಟ ಬೇಕಾಗಿದ್ದ ಕಡೆ ಅವರಿಗೆ ಅರ್ಧ ಬುಟ್ಟಿ ಕಾಳೂ ಬೇಕಾಗಲಿಲ್ಲ. ಅತ್ತೆ ನನಗಿಂತ ಜಾಣೆ ಎಂದಷ್ಟೇ ಅಂದು ತಿಳಿದುಕೊಂಡೆ. ಅದು ನಿಜವೇ; ಆದರೆ ಕಾರಣ ಅದೊಂದೇ ಅಲ್ಲವೆಂಬುದು ಬಹಳ ತಡವಾಗಿ ಹೊಳೆಯಿತು. ನಾನು ಕತೆ ಹೇಳುವಾಗ ‘ನಾನು’ ನಾನಾಗಿಬಿಟ್ಟಿದ್ದೆ, ಡಾಕ್ಟರು ‘ಅವನು’ ಆಗಿದ್ದ. ‘ಅವನು’ ಆದ ಕೂಡಲೇ ಅವನು ಮನೆಯ ಬಟ್ಲರ್, ಸೆಕ್ರೆಟರಿ, ಮಲಮಗ, ಮೇಜರ್ ಇವರೆಲ್ಲರ ಸಾಲಿನಲ್ಲಿ ನಿಲ್ಲಬೇಕಾಯಿತು, ಸಾಲಿನಲ್ಲಿ ನಿಂತವನ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಈ ಕಾದಂಬರಿಯ ಮಾಟವೆಲ್ಲ ಉತ್ತಮ ಪುರುಷ ಏಕವಚನದಲ್ಲಿದೆ. ಅದನ್ನು ತೆಗೆದರೆ ಉಳಿಯುವುದು ಒಂದು ಡಿಕ್ಟಾಫೋನು, ಒಂದು ಸರಿಸಿಟ್ಟ ಕುರ್ಚಿ, ಒಂದು ಟ್ಯುನೀಶಿಯದ ಬಾಕು. ಕತೆ ಹೇಳುವವನನ್ನು ನಾವು ಅನುಮಾನಿಸುವುದಿಲ್ಲ, ಏಕೆಂದರೆ ಅವನನ್ನು ನಾವು ನೋಡುವುದೇ ಇಲ್ಲ. ಅವನ ಭುಜದ ಮೇಲಿಂದ ಬೇರೆಯವರನ್ನು ನೋಡುತ್ತಿರುತ್ತೇವೆ. ಇಂಥದೊಂದು ಕತೆ ಬರೆಯಬಹುದೆಂಬ ಮಾತನ್ನು ಕ್ರಿಸ್ಟಿಗೆ ಆಕೆಯ ಅಕ್ಕನ ಗಂಡ ಜೇಮ್ಸ್ ವಾಟ್ಸ್ ಆಡಿದ್ದರಂತೆ, ಲಾರ್ಡ್ ಮೌಂಟ್‌ಬ್ಯಾಟನ್ ಕೂಡ ಪತ್ರ ಬರೆದು ಇದನ್ನೇ ಸೂಚಿಸಿದ್ದರು. ಉಪಾಯ ಇಬ್ಬರಿಗೆ ಹೊಳೆದಿದ್ದರೂ ಅದನ್ನು ವಾಕ್ಯ ವಾಕ್ಯವಾಗಿ ಹೆಣೆಯುವ ಕೈ ಒಂದೇ ಇತ್ತು.

ಅತ್ತೆಗೆ ನಾನು ಸೋಲೊಪ್ಪದೆ, “ಪೊಯ್ರೊ ಹಾಗಂತಾನೆ, ಆದ್ರೆ ಡಾಕ್ಟರು ಒಪ್ಪಲ್ಲ, ನಕ್ಕುಬಿಡ್ತಾನೆ, ಅಲ್ಲಿಗೇ ಮುಗಿಯುತ್ತೆ” ಎಂದೆ. ಅತ್ತೆಗೆ ಆ ಕೊನೆ ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಸುಲಿದು, “ಅವನ ಅಕ್ಕಂಗೆ ಗೊತ್ತಾಯ್ತಾ?” ಎಂದು ಕೇಳಿದರು. ನನ್ನ ಪ್ರತಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಬೆಳಗಿನ ಐದು ಗಂಟೆ

ಅವೆನ್ಯೂ ರಸ್ತೆಯಲ್ಲಿ ನಿಂತು ಓದಿದ ಆ ನಾಲ್ಕು ಪುಟಗಳು ನನ್ನನ್ನು ಏಕೆ ಅಷ್ಟು ಕೆಡಿಸಿದವು? ಒಪ್ಪಿಗೆ ಸಿಕ್ಕಿತಲ್ಲ, ಅನುಮಾನ ನೀಗಿತಲ್ಲ ಎಂದು ಸಮಾಧಾನವಾಗಬೇಕಿತ್ತು. ಅಲ್ಲಿ ಶೆಪರ್ಡ್ ಪಶ್ಚಾತ್ತಾಪ ಪಡುವುದಿಲ್ಲ, ತನ್ನ ಗದ್ಯವನ್ನು ಮೆಚ್ಚಿಕೊಳ್ಳುತ್ತಾನೆ. ನಾನು ಮೇಲೆ ಹೇಳಿದ ಎಂಟು ನಲವತ್ತರ ಸಾಲುಗಳನ್ನು ಅವನೇ ಎತ್ತಿ ತೋರಿಸಿ, ಇದಕ್ಕಿಂತ ಅಚ್ಚುಕಟ್ಟಾಗಿ ಬರೆಯಲು ಸಾಧ್ಯವೇ ಎಂದು ಕೇಳುತ್ತಾನೆ. ಮೊದಲ ವಾಕ್ಯವಾದ ಮೇಲೆ ಒಂದು ಸಾಲು ನಕ್ಷತ್ರ ಚಿಹ್ನೆಗಳನ್ನು ಹಾಕಿದ್ದರೆ ಯಾರಾದರೂ ಆ ಹತ್ತು ನಿಮಿಷದ ಬಗ್ಗೆ ಯೋಚಿಸುತ್ತಿದ್ದರೇನೋ ಎನ್ನುತ್ತಾನೆ. ಹೆಣ ಕಂಡ ಮೇಲೆ, ಬಟ್ಲರನನ್ನು ಪೊಲೀಸರಿಗೆ ಫೋನು ಮಾಡಲು ಕಳಿಸಿ, ‘ಮಾಡಬೇಕಾಗಿದ್ದ ಅಲ್ಪಸ್ವಲ್ಪವನ್ನು ಮಾಡಿದೆ’ ಎಂದು ಬರೆದಿದ್ದನಲ್ಲ, ಅದರ ಅರ್ಥವನ್ನೂ ಬಿಡಿಸಿ ಹೇಳುತ್ತಾನೆ. ಓದುಗಳಾಗಿ ಎರಡನೆಯ ಓದಿನಲ್ಲಿ ನಾನೇ ಕಂಡುಕೊಂಡು ಸಂತೋಷಪಡಬೇಕಾಗಿದ್ದುದನ್ನೆಲ್ಲ ಅವನೇ ತಟ್ಟೆಯಲ್ಲಿ ಹಾಕಿ ಬಡಿಸಿಬಿಡುತ್ತಾನೆ. ಜಾದೂಗಾರ ಆಟ ಮುಗಿದ ಮೇಲೆ ತೋಳು ಮಡಿಸಿ ತೋರಿಸಿದ ಹಾಗೆ.

ಇದು ಮೊದಲ ಸಿಟ್ಟು. ಮತ್ತೆ ಮತ್ತೆ ಓದಿದ ಮೇಲೆ ಅದರ ಸ್ವರೂಪ ಬದಲಾಗಿದೆ. ಕೊಲೆಯ ಗಳಿಗೆಯನ್ನು ಶೆಪರ್ಡ್ ಈ ತಪ್ಪೊಪ್ಪಿಗೆಯಲ್ಲಿಯೂ ವರ್ಣಿಸುವುದಿಲ್ಲ. ಆ ಹತ್ತು ನಿಮಿಷ ಅಲ್ಲಿಯೂ ಖಾಲಿ. ಬದಲಿಗೆ ಅವನು ಆಡುವ ಮಾತು, ಪತ್ರ ಓದಲು ಆಕ್ರಾಯ್ಡನನ್ನು ತಾನು ಒತ್ತಾಯಿಸಿದ್ದೆ, ಅವನಿಗೊಂದು ಅವಕಾಶ ಕೊಟ್ಟಿದ್ದೆ ಎಂಬ ಸಮಾಧಾನದ್ದು. ಆಕ್ರಾಯ್ಡ್ ಹಟಮಾರಿ, ಒತ್ತಾಯಿಸಿದಷ್ಟೂ ಓದುವುದಿಲ್ಲವೆಂದು ಒಳಗೆಲ್ಲೋ ತನಗೆ ಗೊತ್ತಿತ್ತೇನೋ ಎಂದೂ ಅವನೇ ಸೇರಿಸುತ್ತಾನೆ. ಮಿಸೆಸ್ ಫೆರಾರ್ಸ್ ಬಗ್ಗೆ ಮರುಕವಿಲ್ಲ, ತನ್ನ ಬಗ್ಗೆಯೂ ಇಲ್ಲ. ಬೂಟಿನ ಗುರುತುಗಳ ಮೂಲಕ ಅನುಮಾನ ತನ್ನ ಗೆಳೆಯ ರಾಲ್ಫ್ ಪೇಟನ್ನನ ಮೇಲೆ ಬೀಳುವಂತೆ ಮಾಡಿ, ರಕ್ಷಿಸುವ ನೆಪದಲ್ಲಿ ಅವನನ್ನು ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ಬಚ್ಚಿಟ್ಟು, ನೇಣಿನ ಹತ್ತಿರದವರೆಗೂ ದೂಡಿದ್ದರ ಬಗ್ಗೆ ಅವನ ಎದೆ ಎಲ್ಲೂ ಅಳುಕಿದಂತಿಲ್ಲ. ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ನಂಬಿ ಹಿಂಬಾಲಿಸಿದ್ದು, ಊರವರನ್ನು ನೋಡಿ ಒಣ ಹಾಸ್ಯ ಮಾಡುತ್ತಿದ್ದಾಗ ಜೊತೆಗೂಡಿ ನಕ್ಕಿದ್ದು ಇವನ ದನಿಯನ್ನು. ತಪ್ಪೊಪ್ಪಿಗೆಯಲ್ಲಿಯೂ ದನಿ ಅದೇ. ಕೊನೆಯ ವಾಕ್ಯದಲ್ಲಿ, ಪೊಯ್ರೊ ನಿವೃತ್ತನಾಗಿ ಇಲ್ಲಿ ಕುಂಬಳಕಾಯಿ ಜಾತಿಯ ತರಕಾರಿ ಬೆಳೆಯಲು ಬಾರದೆ ಇದ್ದಿದ್ದರೆ ಚೆನ್ನಾಗಿತ್ತೆಂದು ಅವನು ಗೊಣಗುವಾಗಲೂ ನನಗೆ ನಗು ಬರುತ್ತದೆ, ಮತ್ತು ಆ ನಗುವಿನ ಬಗ್ಗೆ ಹೇಸಿಕೆಯಾಗುತ್ತದೆ. ಬಹುಶಃ ಕ್ರಿಸ್ಟಿಗೆ ಬೇಕಾಗಿದ್ದುದೂ ಅದೇ. ಹರಿದ ಪ್ರತಿಯಲ್ಲಿ ನನಗೆ ಸಿಕ್ಕಿದ್ದು ಒಂದು ಸೊಗಸಾದ ಸಂದೇಹ, ಇಡೀ ಪ್ರತಿಯಲ್ಲಿ ಸಿಕ್ಕಿದ್ದು ಒಬ್ಬ ಮನುಷ್ಯ. ಆದರೂ ಆ ಸಂದೇಹವನ್ನು ಕಳೆದುಕೊಂಡ ಕೊರಗು ಹೋಗಿಲ್ಲ.

(ಫ್ರಾನ್ಸಿನ ಪಿಯೆರ್ ಬಯಾರ್ 1998ರಲ್ಲಿ ಒಂದು ಇಡೀ ಪುಸ್ತಕ ಬರೆದು, ಪೊಯ್ರೊನ ತೀರ್ಮಾನವೇ ತಪ್ಪು, ಕೊಂದವಳು ಅಕ್ಕ ಕ್ಯಾರೊಲಿನ್, ತಮ್ಮ ಅವಳನ್ನು ಕಾಪಾಡುತ್ತಿದ್ದಾನೆ ಎಂದು ವಾದಿಸಿದ್ದಾರೆಂದು ತಿಳಿದಾಗ, ಪೊಯ್ರೊನ ಮಾತನ್ನು ಕೊನೆಯ ಮಾತೆಂದು ಒಪ್ಪದವರು ಇನ್ನೊಬ್ಬರಿದ್ದಾರಲ್ಲ ಎಂದು ಖುಷಿಯಾಯಿತು. ಅವರ ಪ್ರತಿಯಲ್ಲಿ ಕೊನೆಯ ಹಾಳೆಗಳಿದ್ದವು ಎಂಬುದಷ್ಟೇ ವ್ಯತ್ಯಾಸ.)

ಉಳಿದ ತಕರಾರುಗಳು ಚಿಕ್ಕವು, ಒಂದನ್ನು ಬಿಟ್ಟು. ಅರ್ಸುಲಾ ಬೋರ್ನ್ ಎಂಬ ಮನೆಗೆಲಸದ ಹುಡುಗಿ ರಾಲ್ಫ್ ಪೇಟನ್ನನನ್ನು ಗುಟ್ಟಾಗಿ ಮದುವೆಯಾಗಿದ್ದಾಳೆ. ಯಜಮಾನನ ಮಲಮಗ, ಕೆಲಸದವಳು; ಕತೆ ಇಲ್ಲಿ ನಿಜಕ್ಕೂ ಒಂದು ಅಪಾಯದ ಜಾಗಕ್ಕೆ ಬಂದಿದೆ ಎಂದುಕೊಳ್ಳುವಷ್ಟರಲ್ಲಿ, ಅವಳು ಬಡತನಕ್ಕೆ ಬಿದ್ದ ಐರಿಷ್ ಕುಲೀನನೊಬ್ಬನ ಮಗಳು, ಹೊಟ್ಟೆಪಾಡಿಗಾಗಿ ಕೆಲಸದವಳ ವೇಷ ತೊಟ್ಟವಳು ಎಂದು ಗೊತ್ತಾಗುತ್ತದೆ. ಎಲ್ಲರ ನಂಬಿಕೆಯನ್ನು ಬುಡಮೇಲು ಮಾಡುವ ಧೈರ್ಯವಿದ್ದ ಲೇಖಕಿಗೆ, ನಿಜವಾದ ಕೆಲಸದವಳೊಬ್ಬಳಿಗೆ ಮದುವೆ ಮಾಡಿಸುವ ಧೈರ್ಯ ಬರಲಿಲ್ಲ. ಡಾಕ್ಟರು ಕೊಲೆ ಮಾಡಬಹುದು, ಆದರೆ ಪಾತ್ರೆ ತೊಳೆಯುವವಳು ಹುಟ್ಟಿನಿಂದ ಪಾತ್ರೆ ತೊಳೆಯುವವಳಾಗಿದ್ದರೆ ಯಜಮಾನನ ಮನೆಯ ಸೊಸೆಯಾಗುವಂತಿಲ್ಲ.

ಕ್ಯಾರೊಲಿನ್

ಹೀಗೆಲ್ಲ ಮುನಿಸಿಕೊಂಡ ಮೇಲೂ ನಾನು ಎರಡು ವರ್ಷಕ್ಕೊಮ್ಮೆಯಾದರೂ ಈ ಪುಸ್ತಕಕ್ಕೆ ಹಿಂದಿರುಗುವುದು ಕ್ಯಾರೊಲಿನ್‌ಗಾಗಿ. ಮನೆಯಿಂದ ಹೊರಗೆ ಕಾಲಿಡದೆಯೇ ಹಾಲಿನವನು, ಕೆಲಸದವರು, ಅಂಗಡಿಯವರ ಮೂಲಕ ಕಿಂಗ್ಸ್ ಆಬಟ್ ಊರಿನ ಇಡೀ ವರ್ತಮಾನವನ್ನು ಅಡಿಗೆಮನೆಗೆ ತರಿಸಿಕೊಳ್ಳುವ ಅವಿವಾಹಿತೆ ಅಕ್ಕ. ಈ ಪುಸ್ತಕದ ಪಾತ್ರಗಳಲ್ಲಿ ತನಗೆ ಅಚ್ಚುಮೆಚ್ಚಿನವಳು ಇವಳೆಂದು ಕ್ರಿಸ್ಟಿ ಆತ್ಮಕತೆಯಲ್ಲಿ ಬರೆದಿದ್ದಾಳೆ. ಈ ಕಾದಂಬರಿ 1928ರಲ್ಲಿ ನಾಟಕವಾದಾಗ ಇವಳ ಜಾಗಕ್ಕೆ ಒಬ್ಬ ಎಳೆಯ ಚೆಲುವೆಯನ್ನು ತಂದು ನಿಲ್ಲಿಸಿದ್ದು ಆಕೆಗೆ ಬಹಳ ನೋವು ಕೊಟ್ಟಿತು, ಮುಂದೆ ಮಿಸ್ ಮಾರ್ಪಲ್ ಎಂಬ ಮುದಿ ಪತ್ತೇದಾರಿಣಿ ಹುಟ್ಟಿಕೊಂಡದ್ದರ ಹಿಂದೆ ಕ್ಯಾರೊಲಿನ್‌ಳ ನೆನಪಿದ್ದಿರಬಹುದು. ಮಾ ಜಾಂಗ್ ಆಟದ ಅಧ್ಯಾಯವೊಂದಿದೆ: ನಾಲ್ಕು ಜನ ಕೂತು ಬಿಲ್ಲೆ ಎಸೆಯುತ್ತ, ಎಸೆತಕ್ಕೊಂದು ಗಾಳಿಸುದ್ದಿ ಬಿಡುತ್ತ, ಕೊಲೆಯನ್ನು ತಮ್ಮೊಳಗೇ ಬಗೆಹರಿಸುತ್ತಿರುತ್ತಾರೆ. ಅಪರೂಪದ ಕೈ ಬಿದ್ದ ಸಂಭ್ರಮದಲ್ಲಿ ಶೆಪರ್ಡ್ ಬಾಯಿ ತಪ್ಪಿ, ಕೊಳದಲ್ಲಿ ಸಿಕ್ಕ ಮದುವೆಯುಂಗುರದ ಗುಟ್ಟನ್ನು ಹೇಳಿಬಿಡುತ್ತಾನೆ. ಇಡೀ ಪುಸ್ತಕದಲ್ಲಿ ಅವನು ಲೆಕ್ಕ ಹಾಕದೆ ಮಾತಾಡುವ ಜಾಗ ನನಗೆ ಕಂಡಂತೆ ಇದೊಂದೇ, ಅದೂ ಅಕ್ಕನ ಎದುರಿಗೆ.

ತಪ್ಪೊಪ್ಪಿಗೆಯಲ್ಲಿ ಅವನಿಗಿರುವ ಒಂದೇ ಭಯವೂ ಅವಳದೇ. ಅವಳು ಊಹಿಸಿಬಿಟ್ಟಾಳು ಎಂದು ಉದ್ದಕ್ಕೂ ಹೆದರಿದ್ದೆ ಎನ್ನುತ್ತಾನೆ. ನಿನ್ನಲ್ಲೊಂದು ದೌರ್ಬಲ್ಯದ ಎಳೆಯಿದೆ ಎಂದು ಅವಳೊಮ್ಮೆ ಅಂದದ್ದನ್ನು ನೆನೆಯುತ್ತಾನೆ. ಅವಳಿಗೆಂದಿಗೂ ಸತ್ಯ ತಿಳಿಯುವುದಿಲ್ಲ, ಪೊಯ್ರೊ ಮತ್ತು ಇನ್‌ಸ್ಪೆಕ್ಟರ್ ಸೇರಿ ನಿಭಾಯಿಸುತ್ತಾರೆ ಎಂದು ನಂಬಿ ಮಿಸೆಸ್ ಫೆರಾರ್ಸ್ ನುಂಗಿದ ವೆರೊನಾಲ್ ಎಂಬ ನಿದ್ರೆಯ ಔಷಧವನ್ನೇ ತಾನೂ ಆರಿಸಿಕೊಳ್ಳುತ್ತಾನೆ. ಹಾಗಾದರೆ ಈ ಹಸ್ತಪ್ರತಿ ಅಚ್ಚಾಗಿ ನನ್ನ ಕೈಗೆ ಬಂದದ್ದು ಹೇಗೆ? ಅವಳಿಗೆ ತಿಳಿಯಬಾರದೆಂದು ಬರೆದದ್ದನ್ನು ನಾನು ಓದುತ್ತಿದ್ದೇನೆಂದರೆ ಮುಚ್ಚಳಿಕೆಯನ್ನು ಯಾರೋ ಮುರಿದಿದ್ದಾರೆ. ಕಾದಂಬರಿ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಎಲ್ಲ ನಿಮಿಷಗಳಿಗೂ ಲೆಕ್ಕವಿಟ್ಟ ಪುಸ್ತಕ ಇಲ್ಲಿ ಮಾತ್ರ ಲೆಕ್ಕ ಬಿಟ್ಟಿದೆ.

ಅವೆನ್ಯೂ ರಸ್ತೆಯ ಆ ಪ್ರತಿ ಸಿಕ್ಕ ಹೊತ್ತಿಗೆ ಅತ್ತೆಗೆ ಎಪ್ಪತ್ತು ದಾಟಿತ್ತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಓದು ನಿಂತಿತ್ತು. ನೋಡಲು ಹೋದಾಗ, ಎಂಟು ವರ್ಷದ ಹಿಂದೆ ನೀವು ಹೇಳಿದ್ದೇ ಸರಿ, ಡಾಕ್ಟರೇ ಕೊಂದಿದ್ದು, ಕೊನೆಯ ಹಾಳೆಗಳು ಈಗ ಸಿಕ್ಕವು ಎಂದೆ. ಯಾವ ಡಾಕ್ಟರು ಎಂದು ಕೇಳಿದರು. ಎಲ್ಲವನ್ನೂ ಮತ್ತೆ ಹೇಳಬೇಕಾಯಿತು. ಅಕ್ಕನಿಗೆ ಗೊತ್ತಾಗದ ಹಾಗೆ ಅವನು ಔಷಧ ಕುಡಿಯುತ್ತಾನೆ, ಅವಳಿಗೆ ಯಾವತ್ತೂ ತಿಳಿಯುವುದಿಲ್ಲವೆಂದು ಬರೆದಿಟ್ಟಿದ್ದಾನೆ ಎಂದು ಮುಗಿಸಿದೆ.

ಅತ್ತೆ ಹಸಿರು ಕನ್ನಡಕ ಸರಿಪಡಿಸಿಕೊಂಡರು. “ಗೊತ್ತಿಲ್ದೆ ಏನು? ಒಂದೇ ಮನೇಲಿ ಅವನಿಗೆ ಅಡಿಗೆ ಮಾಡಿ ಹಾಕ್ತಿದ್ದೋಳು” ಎಂದರು.